ಚೀನಾದಮ್ಮನ ಪಾರ್ಟು

ಮೇಡಂ ತೀರಿಕೊಂಡ ಸುದ್ದಿ ನಮ್ಮ ಕಾಲೇಜಿನ ವಾಟ್ಸಾಪ್ ಗ್ರೂಪಿಗೆ ಬಂದಾಗ, ಅವರು ಬದುಕಿದ್ದಷ್ಟು ದಿನ ಅವರೆದುರು ಬಾಯಿ ಬಿಡದವರೆಲ್ಲ ಸಾಲಾಗಿ ಕೈಮುಗಿಯುವ ಚಿತ್ರ ಹಾಕಿದರು. ಕೆಳಗೆ 'ಓಂ ಶಾಂತಿ' ಅಂತ ಬೇರೆ. ಶಾಂತಿಗೂ ನಮ್ಮ ಮೇಡಂಗೂ ಯಾವ ಜನ್ಮದ ಸಂಬಂಧವೋ ನನಗೆ ಗೊತ್ತಿಲ್ಲ. ಅವರು ಹೋದ ಕಡೆ ಈಗ ಯಾರಿಗೆ ನಿದ್ದೆ ಕೆಟ್ಟಿದೆಯೋ, ಅವರಿಗೆ ಕೈಮುಗಿಯುವುದು ನ್ಯಾಯ. ನಾನು ಏನೂ ಹಾಕಲಿಲ್ಲ. ಫೋನು ಪಕ್ಕಕ್ಕಿಟ್ಟೆ.

ಹೆಸರು ಬೇಡ. ಮಧುಗಿರಿಯಿಂದ ಪಾವಗಡದ ತನಕ ಹಿಸ್ಟರಿ ಮೇಡಂ ಅಂದರೆ ಸಾಕು, ಬಸ್ ಕಂಡಕ್ಟರು ಕೂಡ ಸೀಟು ಬಿಟ್ಟು ಏಳುತ್ತಿದ್ದ. ಎತ್ತರ ಕಮ್ಮಿ, ದನಿ ಜಾಸ್ತಿ. ಹಣೆಯಲ್ಲಿ ಅಗಲವಾದ ವಿಭೂತಿ, ಕೈಯಲ್ಲಿ ಡಸ್ಟರು, ಬ್ಯಾಗಿನಲ್ಲಿ ಸದಾ ಹುರಿದ ಕಡಲೆಕಾಯಿ. ಹುಟ್ಟಿದ್ದು ಪಾವಗಡದ ಕಡೆ ಒಂದು ಹಳ್ಳಿ. ಪಾಠ ಮಾಡಿದ್ದು ಕೊರಟಗೆರೆ, ಶಿರಾ, ಕೊನೆಗೆ ಮಧುಗಿರಿಯ ನಮ್ಮ ಪದವಿಪೂರ್ವ ಕಾಲೇಜಿನಲ್ಲಿ. ಸಿಟ್ಟು ಬಂದರೆ ತೆಲುಗು, ಮುದ್ದು ಬಂದರೂ ತೆಲುಗು. ಮಧ್ಯದಲ್ಲಿ ಉಳಿದ ಜಾಗದಲ್ಲಿ ಕನ್ನಡ.

ನಾನು ಕನ್ನಡದ ಉಪನ್ಯಾಸಕನಾಗಿ ಅಲ್ಲಿಗೆ ಹೋದ ಮೊದಲ ದಿನ ಸ್ಟಾಫ್ ರೂಮಿನಲ್ಲಿ ಅವರು ನನ್ನನ್ನು ಮೇಲಿಂದ ಕೆಳಗೆ ನೋಡಿದರು. ಕಡಲೆಕಾಯಿ ಸಿಪ್ಪೆ ಊದುತ್ತಾ, "ಪದ್ಯ ಗಿದ್ಯ ಬರೀತೀರಾ ಸಾರ್?" ಅಂದರು. ಹೊಸಬನ ನಾಚಿಕೆಯಲ್ಲಿ, "ಸ್ವಲ್ಪ ಬರೀತೀನಿ ಮೇಡಂ" ಅಂದೆ.

"ಪರ್ವಾಗಿಲ್ಲ ಬುಡಿ, ವಯಸ್ಸಾಗ್ತಾ ವಾಸಿಯಾಗ್ತದೆ," ಅಂದು ಒಂದು ಹಿಡಿ ಕಡಲೆಕಾಯಿ ನನ್ನ ಮುಂದೆ ಸುರಿದರು. ನಮ್ಮ ಸ್ನೇಹ ಶುರುವಾದದ್ದು ಹೀಗೆ.

ಮೇಡಂಗೆ ಒಂದು ಹುಚ್ಚಿತ್ತು. ಚೀನಾ ದೇಶದ ಒಬ್ಬ ರಾಣಿ. ಸಾವಿರಾರು ವರ್ಷದ ಆ ದೇಶದ ಕಥೆಯಲ್ಲಿ ಸ್ವತಃ ಚಕ್ರವರ್ತಿ ಅಂತ ಪಟ್ಟ ಕಟ್ಟಿಕೊಂಡು ಸಿಂಹಾಸನದ ಮೇಲೆ ಕೂತ ಒಬ್ಬಳೇ ಹೆಂಗಸಂತೆ. ಅವಳ ಹೆಸರು ಉಚ್ಚರಿಸಲು ಹೋದರೆ ನಾಲಿಗೆ ಗಂಟು ಬೀಳುತ್ತದೆ ಅಂತ ಮೇಡಂ ಅವಳಿಗೆ ಚೀನಾದಮ್ಮ ಅಂತ ಹೆಸರಿಟ್ಟುಬಿಟ್ಟಿದ್ದರು. ಸಿಲಬಸ್ಸಿನಲ್ಲಿ ಈ ಅಮ್ಮನ ಸುಳಿವೂ ಇರಲಿಲ್ಲ. ಆದರೆ ಮೇಡಂ ತರಗತಿಯ ಕೊನೆಯಲ್ಲಿ ಸ್ವಲ್ಪ ಹೊತ್ತು ಅವಳ ಕಥೆಗೆ ಮೀಸಲು. ಅಷ್ಟರ ಆಸೆಗೆ ಹುಡುಗರು ಉಳಿದ ಪಾಠವನ್ನೆಲ್ಲ ಬಾಯಿ ಮುಚ್ಚಿಕೊಂಡು ಕೇಳುತ್ತಿದ್ದರು. ನಾನು ಪಕ್ಕದ ಕೋಣೆಯಲ್ಲಿ ವ್ಯಾಕರಣ ಮಾಡುತ್ತಿದ್ದರೆ ನನ್ನ ಹುಡುಗರ ಕಿವಿಯೆಲ್ಲ ಗೋಡೆಯ ಕಡೆಗೆ. ಕೊನೆಕೊನೆಗೆ ನಾನೂ ವ್ಯಾಕರಣ ನಿಲ್ಲಿಸಿ ಕೇಳುತ್ತಿದ್ದೆ.

"ಕೇಳ್ರಲಾ. ಎಳೇ ಹುಡುಗಿ, ಅರಮನೆಗೆ ತಂದು ಬುಟ್ರು. ರಾಜನ ನೂರಾರು ಹೆಂಗಸರಲ್ಲಿ ಇವಳೂ ಒಬ್ಳು. ಹಾಸಿಗೆ ಕೊಡವೋದು, ಬಟ್ಟೆ ಮಡಚೋದು. ರಾಜನತ್ರ ಒಂದು ತುಂಟ ಕುದುರೆ ಇತ್ತು. ಯಾವ ಗಂಡಸಿನ ಕೈಗೂ ಬಗ್ಗಲ್ಲ. ಈ ಹುಡುಗಿ ಏನಂದ್ಲು ಗೊತ್ತಾ? ಮಹಾಸ್ವಾಮಿ, ಮೂರು ಸಾಮಾನು ಕೊಡ್ಸಿ, ನಾನು ಬಗ್ಗಿಸ್ತೀನಿ ಅಂದ್ಲು. ಒಂದು ಕಬ್ಬಿಣದ ಚಾಟಿ. ಬಗ್ಗಲಿಲ್ವಾ, ಒಂದು ಕಬ್ಬಿಣದ ಸುತ್ತಿಗೆ. ಅದಕ್ಕೂ ಬಗ್ಗಲಿಲ್ವಾ, ಒಂದು ಚೂರಿ." ಇಲ್ಲಿಗೆ ಮೇಡಂ ನಿಲ್ಲಿಸಿ ಹಿಂದಿನ ಬೆಂಚಿನ ಕಡೆ ನೋಡುತ್ತಿದ್ದರು. "ನನ್ನತ್ರ ಡಸ್ಟರ್ ಮಾತ್ರ ಐತೆ. ಅದಕ್ಕೇ ನೀವಿನ್ನೂ ಬದುಕಿದೀರಿ."

ಆಮೇಲೆ ರಾಜ ಸತ್ತ. ರೂಢಿಯಂತೆ ಹೆಂಗಸರಿಗೆಲ್ಲ ತಲೆ ಬೋಳಿಸಿ ಮಠಕ್ಕೆ ಕಳಿಸಿದರು. ಹೊಸ ರಾಜ, ಅಂದರೆ ಸತ್ತವನ ಮಗ, ಪೂಜೆಯ ನೆಪದಲ್ಲಿ ಮಠಕ್ಕೆ ಹೋಗಿ ಇವಳನ್ನು ಕಂಡ. ಕಂಡವನು ಮತ್ತೆ ಅರಮನೆಗೆ ಕರೆಸಿಕೊಂಡ. ಈ ಭಾಗಕ್ಕೆ ಬಂದಾಗ ಮೇಡಂ, "ಹೆಂಗೆ ಕಂಡ, ಯಾಕೆ ಕಂಡ ಅಂಬೋದು ಡಿಗ್ರಿಗೆ ಹೋದಾಗ ಓದ್ಕಳಿ," ಅಂತ ಮುಂದಕ್ಕೆ ದಾಟುತ್ತಿದ್ದರು. ಅವಳು ಪಟ್ಟದ ರಾಣಿಯಾದಳು. ಹಾದಿಗೆ ಅಡ್ಡ ಬಂದ ಹಳೆ ರಾಣಿಯರ ಗತಿ ಏನಾಯಿತು ಅನ್ನುವುದನ್ನು ಮಾತ್ರ ಮೇಡಂ ಮುಚ್ಚಿಡುತ್ತಿರಲಿಲ್ಲ. ಆವತ್ತು ಮಧ್ಯಾಹ್ನ ಹೆಣ್ಣುಮಕ್ಕಳು ಬುತ್ತಿ ಬಿಚ್ಚುತ್ತಿರಲಿಲ್ಲ. "ಒಳ್ಳೇಳು ಅಂತ ನಾನು ಹೇಳ್ತಿಲ್ಲ ಕಣಮ್ಮ," ಅನ್ನುವರು. "ಗಂಡ್ರಾಜರ ಪಾಠ ಮಾಡ್ವಾಗ ಒಳ್ಳೇನಾ ಅಂತ ಯಾವತ್ತಾದ್ರೂ ಕೇಳಿದೀರಾ ನೀವು?"

ಗಂಡನಿಗೆ ತಲೆ ಸುತ್ತು, ಕಣ್ಣು ಮಂಜು. ದರ್ಬಾರು ನಡೆಯುವಾಗ ಸಿಂಹಾಸನದ ಹಿಂದೆ ಒಂದು ತೆರೆ, ತೆರೆಯ ಹಿಂದೆ ಚೀನಾದಮ್ಮ. ಮಂತ್ರಿಗಳು ಕೇಳುವುದು ಮುಂದೆ ಕೂತವನನ್ನು, ಉತ್ತರ ಬರುವುದು ಹಿಂದಿನಿಂದ. ಗಂಡ ಸತ್ತ ಮೇಲೆ ಒಬ್ಬ ಮಗನನ್ನು ಕೂರಿಸಿದಳು, ಹಿಡಿಸಲಿಲ್ಲ, ಇಳಿಸಿದಳು. ಇನ್ನೊಬ್ಬನನ್ನು ಕೂರಿಸಿದಳು, ಅವನೂ ಸಾಲದಾದ. ಕಡೆಗೆ ತೆರೆಯನ್ನು ಪಕ್ಕಕ್ಕೆ ಸರಿಸಿ ತಾನೇ ಕೂತಳು. ಇದೆಲ್ಲ ಮುಗಿದ ಮೇಲೆ ಅವಳ ಸಮಾಧಿಯ ಮುಂದೆ ಆಳೆತ್ತರಕ್ಕೂ ಮೀರಿದ ಒಂದು ಕಲ್ಲು ನಿಲ್ಲಿಸಿದರಂತೆ, ಅದರ ಮೇಲೆ ಅವಳ ಬಗ್ಗೆ ಒಂದಕ್ಷರವೂ ಇರಲಿಲ್ಲವಂತೆ. ಯಾಕೆ ಅಂತ ಹುಡುಗರು ಕೇಳಿದರೆ ಮೇಡಂ ವರ್ಷಕ್ಕೊಂದು ಕಾರಣ ಕೊಡುವರು. ಒಂದು ವರ್ಷ, ಬರೆಯೋರ ಕೈ ನಡುಗಿತು. ಇನ್ನೊಂದು ವರ್ಷ, ಕಂಟ್ರಾಕ್ಟರು ಬಿಲ್ಲು ಮಾಡಿಸ್ಕೊಂಡು ಹೋಗ್ಬುಟ್ಟ.

ಒಮ್ಮೆ ಇಲಾಖೆಯ ದೊಡ್ಡ ಅಧಿಕಾರಿ ತಪಾಸಣೆಗೆ ಬಂದು, ಇತಿಹಾಸದಲ್ಲಿ ನಿಮಗೆ ಇಷ್ಟವಾದ ರಾಣಿ ಯಾರು ಅಂತ ಒಬ್ಬಳನ್ನು ಎಬ್ಬಿಸಿ ಕೇಳಿದರು. ಹುಡುಗಿ ಹಿಂದೆಮುಂದೆ ನೋಡದೆ, "ಚೀನಾದಮ್ಮ ಸಾರ್," ಅಂದಳು. ಅಧಿಕಾರಿ ತಬ್ಬಿಬ್ಬಾಗಿ ಮೇಡಂ ಕಡೆ ತಿರುಗಿದರು. "ಯಾವ ಊರಿನ ದೇವತೆ ಇದು?" ಮೇಡಂ ಮುಖದ ಒಂದು ಗೆರೆಯೂ ಅಲ್ಲಾಡಲಿಲ್ಲ. "ಬುಕ್ಕಾಪಟ್ಟಣದಿಂದ ಆಚೆಗೆ ಸಾರ್, ಬಹಳ ಶಕ್ತಿ ಇರೋ ದೇವ್ರು," ಅಂದರು. ಅಧಿಕಾರಿ ಕಣ್ಣು ಮುಚ್ಚಿ ಎದೆ ಮುಟ್ಟಿಕೊಂಡು ಮುಂದಿನ ತರಗತಿಗೆ ಹೋದರು.

ನಾನೂ ಒಂದು ಸಲ ಕೇಳಿದ್ದೆ, ನಮ್ಮ ಕಡೆ ರಾಣಿಯರಿಗೇನು ಬರವಾ ಮೇಡಂ ಅಂತ. ಅವರು ಕಡಲೆಕಾಯಿ ಸುಲಿಯುತ್ತಾ, "ನಮ್ಮೋರೆಲ್ಲ ಸತ್ತು ದೊಡ್ಡೋರಾದೋರು ಸಾರ್. ಇವ್ಳು ಬದುಕಿ ದೊಡ್ಡೋಳಾದ್ಲು. ಅದೂ ಅರವತ್ತು ದಾಟಿದ ಮೇಲೆ," ಅಂದರು. ಆಗಲೇ ಅವರ ಅಪ್ಪನ ವಿಷಯ ಬಂದದ್ದು.

ಅಪ್ಪ ಹಾರ್ಮೋನಿಯಂ ಮೇಷ್ಟ್ರು. ನಮ್ಮ ಕಡೆ ಪ್ರತಿ ಊರಿನಲ್ಲೂ ಪೌರಾಣಿಕ ನಾಟಕ ಆಡುವ ಹುಚ್ಚು. ರಾಗಿ ಒಕ್ಕಣೆ ಮುಗಿದರೆ ಸಾಕು, ಊರ ಗಂಡಸರೆಲ್ಲ ರಾಜರಾಗುತ್ತಾರೆ. ಅವರಿಗೆ ಮಾತು, ಹಾಡು, ನಿಲ್ಲುವ ಭಂಗಿ ಎಲ್ಲವನ್ನೂ ತಿಂಗಳುಗಟ್ಟಲೆ ಕಲಿಸುವವನೇ ಹಾರ್ಮೋನಿಯಂ ಮೇಷ್ಟ್ರು. ಈ ನಾಲ್ಕು ತಾಲ್ಲೂಕಿನಲ್ಲಿ ಮೇಡಂ ಅಪ್ಪ ಕಿರೀಟ ಹಾಕಿಸದ ತಲೆಯೇ ಇಲ್ಲ ಅಂತ ಜನ ಅನ್ನುತ್ತಿದ್ದರು. ಅಭ್ಯಾಸ ನಡೆಯುತ್ತಿದ್ದುದು ಅವರ ಮನೆಯ ಪಡಸಾಲೆಯಲ್ಲಿ. ಮಗಳು ಒಳಕೋಣೆಯ ಬಾಗಿಲ ಹಿಂದೆ. ಕೇಳಿ ಕೇಳಿ ಎಲ್ಲರ ಪಾರ್ಟೂ ಅವರಿಗೆ ಬಾಯಿಪಾಠ. ಯಾವನಾದರೂ ಮಾತು ಮರೆತು ನಿಂತರೆ ಬಾಗಿಲ ಹಿಂದಿನಿಂದ ಎತ್ತಿಕೊಡುತ್ತಿದ್ದದ್ದು ಈ ಹುಡುಗಿ. ಚೀನಾದಮ್ಮನ ತೆರೆಯ ಕಥೆ ಹೇಳುವಾಗ ಮೇಡಂ ದನಿ ಯಾಕೆ ಮೆತ್ತಗಾಗುತ್ತಿತ್ತು ಅಂತ ನನಗೆ ಅವತ್ತು ಗೊತ್ತಾಯಿತು.

ಆಗ ಊರಿನ ಹೆಣ್ಣುಮಕ್ಕಳು ರಂಗ ಹತ್ತುವಂತಿರಲಿಲ್ಲ. ಹೆಂಗಸಿನ ಪಾರ್ಟಿಗೆ ಹೊರಗಿನಿಂದ ನಟಿಯರನ್ನು ಕರೆಸುತ್ತಿದ್ದರು. ಅವರಿಗೆ ಎಲ್ಲ ಪಾರ್ಟೂ ಬರುವುದರಿಂದ ಅಭ್ಯಾಸಕ್ಕೆ ಬರುವುದಿಲ್ಲ; ನಾಟಕದ ದಿನ ಬಂದು, ಬಣ್ಣ ಹಚ್ಚಿ, ಆಡಿ, ಬಸ್ಸು ಹತ್ತುತ್ತಾರೆ. ಈಗಲೂ ಹಾಗೇ. ಮೇಡಂ ಪಿಯುಸಿ ಓದುವಾಗ ಒಂದು ನಾಟಕಕ್ಕೆ ನಟಿ ಬರಲಿಲ್ಲ. ಜನ ಆಗಲೇ ಕೂತಿದ್ದಾರೆ. ಈ ಹುಡುಗಿ ಅಪ್ಪನ ಹತ್ತಿರ ಹೋಗಿ, ನನಗೆ ಆ ಪಾರ್ಟು ಬರ್ತದೆ, ನಾನು ಮಾಡ್ತೀನಿ ಅಂದಳು. ಅಪ್ಪ ಮಗಳ ಮುಖವನ್ನೂ ನೋಡಲಿಲ್ಲ. ಒಬ್ಬ ದಪ್ಪ ಮೀಸೆಯ ಮಂಡಿ ವ್ಯಾಪಾರಿಯನ್ನು ಹಿಡಿದು, ಮೀಸೆ ಬೋಳಿಸಿ, ಸೀರೆ ಉಡಿಸಿ ರಂಗಕ್ಕೆ ತಳ್ಳಿದರು. ಸೀರೆ ಯಾವುದು ಗೊತ್ತಾ? ಮನೆಯಿಂದ ತರಿಸಿದ್ದು, ಮಗಳದೇ.

"ಆ ಮುಂಡೇಗಂಡ ಎರಡನೇ ಸೀನಿಗೇ ಸೆರಗು ತುಳಿದು ಬಿದ್ದ," ಅಂತ ಮೇಡಂ ನಕ್ಕರು. ನಾನೂ ನಕ್ಕೆ. ನಗು ಮುಗಿದ ಮೇಲೆ, "ಅವತ್ತಿಂದ ನಮ್ಮಪ್ಪನ ಮುಂದೆ ಒಂದು ಹಾಡು ಗುನುಗಿಲ್ಲ ಸಾರ್ ನಾನು," ಅಂದರು.

ಮೇಡಂ ಯಜಮಾನರು ಬೇಗ ತೀರಿಕೊಂಡಿದ್ದರಿಂದ ಅಪ್ಪನನ್ನು ಮಧುಗಿರಿಗೇ ಕರೆತಂದು ಇಟ್ಟುಕೊಂಡಿದ್ದರು. ಬಿಸಿನೀರು ಹದ ಮಾಡಿ ಕೊಡುವರು, ಆಸ್ಪತ್ರೆಗೆ ಸ್ಕೂಟರಿನ ಹಿಂದೆ ಕೂರಿಸಿಕೊಂಡು ಹೋಗುವರು, ಮುದ್ದೆ ಮೆತ್ತಗಿಲ್ಲ ಅಂದರೆ ಇನ್ನೊಂದು ಸಲ ತಿರುವುವರು. ಹಾಡು ಮಾತ್ರ ಇಲ್ಲ. ಮುದುಕರಿಗೆ ಇದು ಗೊತ್ತಿತ್ತೋ ಇಲ್ಲವೋ, ಅವರು ಯಾವತ್ತೂ ಆ ಮಾತು ಎತ್ತಿದವರಲ್ಲ.

ನಿವೃತ್ತಿಯ ವರ್ಷ ಬಂತು. ಒಂದು ಬೆಳಿಗ್ಗೆ ಮೇಡಂ ನನ್ನ ಮೇಜಿನ ಮೇಲೆ ಕೂತು, "ಕಾಲೇಜು ಡೇಗೆ ಚೀನಾದಮ್ಮನ ನಾಟಕ ಆಡ್ತೀವಿ. ನಿಮ್ಮ ಪದ್ಯದ ಕಾಯಿಲೆ ಇನ್ನೂ ವಾಸಿಯಾಗಿಲ್ಲ ತಾನೇ? ಬರೀರಿ," ಅಂದರು. ಪೌರಾಣಿಕದ ಮಟ್ಟಿನಲ್ಲೇ ಬರೆಯಬೇಕು, ಮೊದಲಿಗೆ ಗಣಪತಿ ಸ್ತುತಿ ಇರಬೇಕು. ಚೀನಾದಲ್ಲಿ ಗಣಪತಿ ಎಲ್ಲಿಂದ ಬಂದ ಅಂದೆ. "ಗಣಪತಿ ಇಲ್ದಿದ್ರೆ ನಮ್ಮ ಜನ ಏಳಲ್ಲ ಸಾರ್, ಮೊಬೈಲ್ ನೋಡ್ತಾ ಕೂತ್ಕಂತಾರೆ," ಅಂದರು. ಕೊನೆಗಾಲದಲ್ಲಿ, ಎಂಬತ್ತು ಮುಟ್ಟಿದ ಅವಳನ್ನು ಮಂತ್ರಿಗಳು ಸೇರಿ ಇಳಿಸಿ ಮಗನನ್ನು ಕೂರಿಸಿದರಲ್ಲ, ಅದನ್ನು ಎಲ್ಲಿ ಸೇರಿಸಲಿ ಅಂತ ಕೇಳಿದೆ. "ಅದು ಪೋರ್ಷನ್ನಿಗಿಲ್ಲ," ಅಂತ ಎದ್ದು ಹೋದರು.

ವೇಷದ ಬಟ್ಟೆ ತರಲು ಶಿರಾಕ್ಕೆ ಹೋದೆವು. ಅಲ್ಲಿ ಡ್ರಾಮಾ ಸಾಮಾನು ಬಾಡಿಗೆಗೆ ಕೊಡುವ ಸಾಹೇಬರು ನಮ್ಮ ಬೇಡಿಕೆ ಕೇಳಿ ಗಡ್ಡ ಸವರಿಕೊಂಡರು. "ಚೀನಾದ್ದು ಅಂದ್ರೆ ನಮ್ಮತ್ರ ಸೀರಿಯಲ್ ಸೆಟ್ ಲೈಟು ಮಾತ್ರ ಐತೆ ಮೇಡಂ." ಕಡೆಗೆ ರಾಕ್ಷಸರಾಜನ ಕಿರೀಟದ ಕೊಂಬು ಬಿಚ್ಚಿಸಿ, ಅದಕ್ಕೆ ಮಣಿಸರ ಇಳಿಬಿಟ್ಟು, ಇದೇ ಚೀನಾ ಅಂತ ನಾವೇ ತೀರ್ಮಾನ ಮಾಡಿದೆವು. ಪರದೆ ಅರಮನೆಯದು, ಎರಡು ಕಡೆ ನವಿಲು. ಇರಲಿ ಬಿಡಿ ಅಂದರು ಮೇಡಂ, ನವಿಲು ಯಾವ ದೇಶದಲ್ಲಿ ಬೇಡ ಅಂತಾರೆ.

ಹಾಡು ಕಲಿಸಲು ಕೀಬೋರ್ಡ್ ನುಡಿಸುವವರನ್ನು ಕರೆಸೋಣ ಅಂದೆ. ಮೇಡಂ ಒಪ್ಪಲಿಲ್ಲ. "ನಮ್ಮಪ್ಪನೇ ನುಡಿಸ್ಬೇಕು." ಮುದುಕರಿಗೆ ಎಂಬತ್ತು ದಾಟಿತ್ತು. ಹಾರ್ಮೋನಿಯಂ ಅಂದ ತಕ್ಷಣ ಬೆನ್ನು ನೆಟ್ಟಗಾಯಿತು. ಒಂದು ತಿಂಗಳು ದಿನಾ ಮಧ್ಯಾಹ್ನ ಕಾಲೇಜಿಗೆ ಬಂದು ಹೆಣ್ಣುಮಕ್ಕಳಿಗೆ ಕಲಿಸಿದರು. ಬಿಳಿ ಪಂಚೆ, ಕಿವಿಯ ಮೇಲೆ ಬೀಡಿ, ತಾಳ ತಪ್ಪಿದವರ ಕಡೆ ಒಂದು ನೋಟ. ಕಾಲ ಬದಲಾಗಿದೆ ಅಂತ ಅವರೂ ಒಪ್ಪಿಕೊಂಡಂತಿತ್ತು. ಹುಡುಗಿಯರು ಆಡುವುದಕ್ಕೆ ತಕರಾರು ಮಾಡಲಿಲ್ಲ. ನಮ್ಮ ಕಡೆ ದೊಡ್ಡ ಪಾರ್ಟನ್ನು ಹಂಚಿಕೊಂಡು ಆಡುವುದುಂಟು, ಹಾಗೇ ಚೀನಾದಮ್ಮನನ್ನೂ ಮೂರು ಮಾಡಿದ್ದೆವು. ಅರಮನೆಯ ಹುಡುಗಿ ಒಬ್ಬಳು, ಮಠದ ಬೋಳುತಲೆಯವಳು ಒಬ್ಬಳು, ಸಿಂಹಾಸನ ಹತ್ತುವವಳು ಒಬ್ಬಳು.

"ಮೂರ್ನೇ ಪಾರ್ಟಿಗೆ ಯಾರಮ್ಮ?" ಅಂತ ಅವರು ಮಗಳನ್ನು ಕೇಳಿದಾಗ ನಾನು ಪಕ್ಕದಲ್ಲೇ ಇದ್ದೆ.

"ಹೊರಗಿಂದ ಹೆಂಗಸು ಬತ್ತಾಳೆ, ಆ ದಿನಕ್ಕೆ," ಅಂದರು ಮೇಡಂ.

ಮುದುಕರು ತಲೆಯಾಡಿಸಿದರು. ಜೀವಮಾನವೆಲ್ಲ ಹಾಗೇ ನಡೆದದ್ದು, ಅನುಮಾನ ಎಲ್ಲಿಂದ ಬರಬೇಕು? ಹೆಂಗಸು ಯಾರು ಅಂತ ನನಗೊಬ್ಬನಿಗೇ ಗೊತ್ತಿತ್ತು. ನನಗೆ ಜ್ವರ ಬರುವುದೊಂದು ಬಾಕಿ. ನಿಮ್ಮಪ್ಪ ಹಾರ್ಮೋನಿಯಂ ಬಿಟ್ಟು ಎದ್ದು ಹೋದರೆ ಏನು ಮಾಡ್ತೀರಿ ಮೇಡಂ ಅಂತ ಕೇಳಿದೆ, ಇಡೀ ಊರಿನ ಮುಂದೆ ಎರಡನೇ ಸಲ ಅವಮಾನ ಆಗ್ತದಲ್ಲ. ಅವರು ಎಂದಿನಂತೆ ಗದರಲಿಲ್ಲ. "ಹೋಗ್ಲಿ ಸಾರ್. ಆದ್ರೆ ಈ ಸಲ ನನ್ನ ಮುಖ ನೋಡಿ ಹೋಗ್ಬೇಕು," ಅಂದರು.

ಕಾಲೇಜು ಡೇ ದಿನ ಮಧ್ಯಾಹ್ನ ಶಾಮಿಯಾನ ತುಂಬಿತ್ತು. ಗಣಪತಿ ಬಂದು ಹೋದ. ಮೊದಲ ಚೀನಾದಮ್ಮ ಕುದುರೆಯ ವಿಷಯ ಹಾಡಿ ಚಪ್ಪಾಳೆ ಗಿಟ್ಟಿಸಿದಳು. ಎರಡನೆಯವಳು ತಲೆಗೆ ಕಟ್ಟಿದ್ದ ಬಲೂನಿನ ರಬ್ಬರು ಜಾರಿ ಜಡೆ ಹೊರಗೆ ಬಂದರೂ ಎದೆಗೆಡದೆ ಮಠದ ಸೀನು ಮುಗಿಸಿದಳು. ಮುದುಕರು ರಂಗದ ಎಡಮೂಲೆಯಲ್ಲಿ ಕೂತು ಖುಷಿಯಾಗಿ ನುಡಿಸುತ್ತಿದ್ದರು.

ನಮ್ಮ ನಾಟಕಗಳಲ್ಲಿ ಒಂದು ಕಟ್ಟಳೆ ಇದೆ. ಎಂಥ ರಾಜನ ಪಾರ್ಟಾಗಲಿ, ರಂಗಕ್ಕೆ ಕಾಲಿಟ್ಟವನು ಮೊದಲು ಹಾರ್ಮೋನಿಯಂ ಮುಟ್ಟಿ ಮೇಷ್ಟ್ರಿಗೆ ನಮಸ್ಕಾರ ಮಾಡಬೇಕು. ಆಮೇಲೇ ಮೇಷ್ಟ್ರು ಶ್ರುತಿ ಕೊಡುವುದು, ಆಮೇಲೇ ಹಾಡು. ಹುಡುಗಿಯರಿಬ್ಬರೂ ಹಾಗೇ ಮಾಡಿದ್ದರು. ಮೂರನೇ ಸಲ ಪರದೆ ಎದ್ದಾಗ ಮೇಡಂ ಬಲಗಡೆಯಿಂದ ಬಂದರು. ಕಿರೀಟ, ಕೆಂಪು ನಿಲುವಂಗಿ, ಹಣೆಯಲ್ಲಿ ಅದೇ ವಿಭೂತಿ. ನೇರ ನಡೆದು ಸಿಂಹಾಸನದ ಮೇಲೆ ಕೂತರು. ಹಾರ್ಮೋನಿಯಂ ಕಡೆ ಹೋಗಲೇ ಇಲ್ಲ. ಹುಡುಗರು ಗುರುತು ಹಿಡಿದು ಶಿಳ್ಳೆ ಹಾಕಿದರು. ಮುದುಕರು ಬಾಡಿಗೆ ನಟಿಗೆ ಇಷ್ಟು ಸೊಕ್ಕೇ ಅಂತ ತಿರುಗಿದವರು ಮಗಳನ್ನು ನೋಡಿದರು.

ಅವರ ಕೈ ಹಾರ್ಮೋನಿಯಮ್ಮಿನಿಂದ ಕೆಳಗೆ ಬಂತು. ಶಿಳ್ಳೆ ನಿಂತಿತು. ಮೇಡಂ ಅಪ್ಪನನ್ನು ನೋಡಿದರು, ಅಪ್ಪ ಮಗಳನ್ನು. ಪರದೆಯ ಪಕ್ಕದಲ್ಲಿ ನಿಂತಿದ್ದ ನನಗೆ ಓಡಿಹೋಗಿ ಮುದುಕರ ಕಾಲು ಹಿಡಿಯಬೇಕು ಅನ್ನಿಸಿತು. ಅವರು ಒಂದು ಕೈ ನೆಲಕ್ಕೂರಿದರು. ಏಳುತ್ತಿದ್ದಾರೆ ಅಂದುಕೊಂಡೆ.

ಮೇಡಂ ಶ್ರುತಿಗೆ ಕಾಯಲಿಲ್ಲ. ಕೂತಲ್ಲಿಂದಲೇ ಎತ್ತಿಕೊಂಡರು: "ಬಾಗಿಲ ಹಿಂದೆ ನಿಂತವಳಿಂದು ಬಾಗಿಲ ತೆರೆದು ಬಂದಿಹೆನು." ಬರೆದವನು ನಾನೇ ಆದ್ದರಿಂದ ಹೇಳಬಲ್ಲೆ, ಅಂಥ ಘನವಾದ ಸಾಲೇನಲ್ಲ. ಆದರೆ ಅಷ್ಟು ವರ್ಷ ಸುಮ್ಮನಿದ್ದ ಆ ಗಂಟಲಿನಲ್ಲಿ ಅದು ಬಂದಾಗ ನಾನು ಬರೆದದ್ದು ಅಂತ ನನಗೇ ಅನ್ನಿಸಲಿಲ್ಲ. ಹಾರ್ಮೋನಿಯಂ ಇಲ್ಲ, ತಬಲಾದವನೂ ಕೈಕಟ್ಟಿ ಕೂತಿದ್ದ. ಬರಿಯ ದನಿ. ಪಲ್ಲವಿ ಒಂದು ಕಡೆಯೂ ತಪ್ಪದೆ ಮುಗಿಯಿತು.

ನೆಲಕ್ಕೂರಿದ್ದ ಕೈ ಮೇಲೆ ಬಂತು. ಮುದುಕರು ತಿದಿ ಒತ್ತಿದರು, ಒಂದು ಸ್ವರದ ಮನೆ ಮುಟ್ಟಿದರು. ಅದಲ್ಲ. ಪಕ್ಕದ್ದು ಮುಟ್ಟಿದರು, ಅದೂ ಅಲ್ಲ. ಯಾವ ಯಾವ ಊರಿನ ರಾಜರಿಗೋ ಶ್ರುತಿ ಕೊಟ್ಟವರು ಮಗಳ ಶ್ರುತಿ ಯಾವುದು ಅಂತ ತಡಕಾಡುತ್ತಿದ್ದರು. ಮೂರನೆಯದಕ್ಕೆ ಸಿಕ್ಕಿತು. ಸಿಕ್ಕಿದ್ದೇ ಪಲ್ಲವಿಯನ್ನು ಮೊದಲಿನಿಂದ ನುಡಿಸಿ, ಮತ್ತೆ ಹಾಡು ಅನ್ನುವಂತೆ ತಲೆ ಎತ್ತಿದರು. ಮೇಡಂ ಮತ್ತೆ ಶುರು ಮಾಡಿದರು. ಈ ಸಲ ಆಗಲಿಲ್ಲ. ಎರಡನೇ ಮಾತಿಗೇ ಶ್ರುತಿ ಕೆಳಗೆ ಜಾರಿತು, ನಮ್ಮ ಕಬ್ಬಿಣದ ಮೇಡಂ ಕಿರೀಟದ ಮಣಿಸರದ ಹಿಂದೆ ಅಳುತ್ತಿದ್ದರು. ಶ್ರುತಿ ತಪ್ಪಿದವರನ್ನು ಹಾಡು ನಿಲ್ಲಿಸಿ ಬೈಯುತ್ತಿದ್ದ ಮುದುಕರು ಬೈಯಲಿಲ್ಲ. ಬೆರಳು ಸರಿಸಿ ತಾವೂ ಮಗಳು ಜಾರಿದಲ್ಲಿಗೇ ಇಳಿದರು. ಹಾರ್ಮೋನಿಯಮ್ಮಿನ ಮುಂದೆ ಮೈಕು ಇತ್ತಾದ್ದರಿಂದ ಅವರಂದದ್ದು ಕೊನೆಯ ಸಾಲಿನವರಿಗೂ ಕೇಳಿಸಿತು.

"ನೀನು ಹಾಡ್ತಾ ಹೋಗಮ್ಮ. ನಾನು ಹಿಂದೆ ಬತ್ತೀನಿ."